ಹನ್ನೊಂದು ಮಂಗಳವಾರ

ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ, ಎಕ್ಸ್‌ರೇ ವಿಭಾಗ ದಾಟಿ ಎಡಕ್ಕೆ ತಿರುಗಿದರೆ ಮನಶ್ಶಾಸ್ತ್ರದ ನಾಲ್ಕು ಕೋಣೆಗಳಿವೆ. ಆ ನಾಲ್ಕು ಕೋಣೆಗಳನ್ನು ಹದಿನೆಂಟು ವರ್ಷದಿಂದ ಆಳುತ್ತಿರುವ ಹೆಂಗಸಿಗೆ ಕಾಗದಪತ್ರದಲ್ಲಿ ಮಾರುದ್ದದ ಹುದ್ದೆಯಿದೆ. ಸ್ನಾತಕೋತ್ತರ ಓದಿನ ನಡುವೆ ತರಬೇತಿಗೆಂದು ಬರುವ ಹುಡುಗ ಹುಡುಗಿಯರಿಗೆ ಅಷ್ಟುದ್ದ ಹೇಳುವ ತಾಳ್ಮೆ ಎಲ್ಲಿ ಬರಬೇಕು? ಬೆನ್ನ ಹಿಂದೆ ಕೆಂಪುಪೆನ್ನಮ್ಮ ಎನ್ನುತ್ತಾರೆ. ಅದು ಆಕೆಗೂ ಗೊತ್ತು. ಗೊತ್ತಿದ್ದೇ ಡಜನ್ ಲೆಕ್ಕದಲ್ಲಿ ಕೆಂಪು ಪೆನ್ನು ತರಿಸುತ್ತಾಳೆ.

'ರೋಗಿ ಸಹಕರಿಸಲಿಲ್ಲ' ಎಂದು ಯಾರಾದರೂ ಟಿಪ್ಪಣಿ ಬರೆದರೆ ಪಕ್ಕದಲ್ಲಿ ಕೆಂಪಕ್ಷರ ಮೂಡುತ್ತದೆ: 'ನೀನು ಸಹಕರಿಸಿದೆಯಾ?' 'ರೋಗಿ ಸಮಾಧಾನದಿಂದ ಮನೆಗೆ ಹೋದರು' ಎಂದು ಬರೆದರೆ, 'ನೀನೂ ಜೊತೆಗೆ ಹೋಗಿದ್ದೆಯಾ?' ಹೊಸದಾಗಿ ಬಂದವರು ಮೊದಲ ವಾರ ಬಚ್ಚಲುಮನೆಯಲ್ಲಿ ನಿಂತು ಅತ್ತು ಬರುವುದು ವಾಡಿಕೆ. ಎರಡನೆಯ ತಿಂಗಳ ಹೊತ್ತಿಗೆ ಅವರೇ ಈಕೆಯ ದನಿ ಅಣಕಿಸಿ ನಗುವಷ್ಟು ಗಟ್ಟಿಯಾಗಿರುತ್ತಾರೆ.

ಈ ತರಬೇತಿಗೆ ಅವರ ಬಾಯಲ್ಲಿ ಪೋಸ್ಟಿಂಗ್ ಎಂದು ಹೆಸರು. ಒಂದೊಂದು ಪೋಸ್ಟಿಂಗಿಗೆ ಆರು ತಿಂಗಳು. ವಿದ್ಯಾರ್ಥಿಗೆ ನಾಲ್ಕೈದು ರೋಗಿಗಳನ್ನು ಕೊಡುತ್ತಾರೆ. ರೋಗಿಯ ಒಪ್ಪಿಗೆ ಪಡೆದು ಮಾತುಕತೆಯನ್ನೆಲ್ಲ ರೆಕಾರ್ಡ್ ಮಾಡುತ್ತಾರೆ. ಮೂರನೆಯ ಕೋಣೆಯ ಗೋಡೆಗೆ ಒಂದು ದೊಡ್ಡ ಗಾಜು. ಒಳಗಿದ್ದವರಿಗೆ ಅದು ಕನ್ನಡಿ, ಆಚೆಯ ಕತ್ತಲೆ ಕೋಣೆಯಲ್ಲಿ ಕೂತವರಿಗೆ ಕಿಟಕಿ. ಅಲ್ಲಿ ಕೂತು ನೋಡಿ, ಇಲ್ಲವೇ ರೆಕಾರ್ಡಿಂಗ್ ಕೇಳಿ, ಗಂಟೆ ಗಂಟೆಯ ಕೆಲಸಕ್ಕೂ ಕೆಂಪುಪೆನ್ನಮ್ಮ ಲಾಗ್ ಬುಕ್ಕಿನಲ್ಲಿ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಇನ್ನು ಒಂದು ನಿಯಮವನ್ನು ಆಕೆ ಮೊದಲ ದಿನವೇ ಬೋರ್ಡಿನ ಮೇಲೆ ಬರೆಸುತ್ತಾಳೆ. ಪೋಸ್ಟಿಂಗ್ ಮುಗಿಯಲು ಮೂರು ವಾರ ಇರುವಾಗಲೇ, ನಾನು ಇಂಥ ದಿನ ಹೋಗುತ್ತೇನೆ, ಆಮೇಲೆ ನಿಮ್ಮನ್ನು ಇಂಥವರು ನೋಡುತ್ತಾರೆ ಎಂದು ರೋಗಿಗೆ ಬಾಯಿಬಿಟ್ಟು ಹೇಳಬೇಕು. ಚೀಟಿ ಕೊಡುವಂತಿಲ್ಲ, ಜವಾನನ ಕೈಲಿ ಹೇಳಿ ಕಳಿಸುವಂತಿಲ್ಲ.

ಇಷ್ಟೆಲ್ಲ ಜೋರಿನ ಹೆಂಗಸು ಮಂಗಳವಾರ ಬೆಳಿಗ್ಗೆ ಮಾತ್ರ ಬೇರೆಯೇ ಆಗುತ್ತಾಳೆ. ಹನ್ನೊಂದು ಗಂಟೆ ಹತ್ತಿರವಾದಂತೆ ಮಾತು ಕಡಿಮೆಯಾಗುತ್ತದೆ, ಟೀ ಆರುತ್ತದೆ. ಹನ್ನೊಂದಕ್ಕೆ ಸರಿಯಾಗಿ ಬಾಗಿಲ ಚೌಕಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ ಸದ್ದು. ಎದ್ದು ಬಾಗಿಲು ತೆಗೆದರೆ ಹೊರಗೆ ಯಾರೂ ಇರುವುದಿಲ್ಲ. ಎದುರಿನ ಬೆಂಚು ಖಾಲಿ. ಕೆಲವೊಮ್ಮೆ ಬೆಂಚಿನ ತುದಿಯಲ್ಲಿ ಯಾರೋ ಗಂಡಸು ತಲೆ ತಗ್ಗಿಸಿ ಕೂತಿರುತ್ತಾನೆ, ಆಕೆ ಒಂದು ಹೆಜ್ಜೆ ಮುಂದಿಡುತ್ತಾಳೆ, ಆತ ತಲೆಯೆತ್ತಿದರೆ ಎಕ್ಸ್‌ರೇಗೆ ಬಂದ ಇನ್ಯಾರೋ. ಮನಸ್ಸಿನ ಕಾಯಿಲೆಗಳಿಗೆಲ್ಲ ಹೆಸರು ಬಲ್ಲವಳು ತನ್ನದಕ್ಕೂ ಒಂದು ಹೆಸರಿಟ್ಟು ನೋಡಿದಳು. ಹೆಸರಿಟ್ಟ ಮೇಲೂ ಸದ್ದು ನಿಲ್ಲಲಿಲ್ಲ.

ಮನೆಯಲ್ಲಿ ಜೊತೆಗಿರುವವಳು ತಂಗಿ, ಲೈಬ್ರರಿಯಲ್ಲಿ ಕೆಲಸ, ಬಾಯಿ ಸ್ವಲ್ಪ ಚುರುಕು. "ಕಟ್ಕೊಂಡ ಗಂಡನ್ನೇ ನಾನು ಎರಡು ವರ್ಷಕ್ಕೆ ಮರ್ತೆ. ನೀನು ಆ ಕಂಡಕ್ಟರನ್ನ ಮೂವತ್ತೊಂದು ವರ್ಷದಿಂದ ಸಾಕ್ತಾ ಇದ್ದೀಯಲ್ಲಕ್ಕ" ಎಂದು ಆಗಾಗ ಚುಚ್ಚುತ್ತಾಳೆ. ಚುಚ್ಚಿದರೂ ಸೋಮವಾರ ರಾತ್ರಿ ಅಕ್ಕ ಊಟ ಬಿಟ್ಟರೆ ತಾನೂ ತಟ್ಟೆ ಸರಿಸುತ್ತಾಳೆ.

ಆ ಕಂಡಕ್ಟರ್ ಕೆಂಪುಪೆನ್ನಮ್ಮನ ಮೊಟ್ಟಮೊದಲ ರೋಗಿ. ಆಗ ಆಕೆಗೆ ಇಪ್ಪತ್ತಮೂರು ವರ್ಷ, ಇದೇ ಆಸ್ಪತ್ರೆಯಲ್ಲಿ ಮೊದಲ ಪೋಸ್ಟಿಂಗ್. ಆತನಿಗೆ ಐವತ್ತರ ಹತ್ತಿರ. ಇಪ್ಪತ್ತು ವರ್ಷ ಬಸ್ಸಿನ ಹಿಂಬಾಗಿಲಲ್ಲಿ ನಿಂತು, ತಗಡಿನ ಮೇಲೆ ಎರಡು ಸಲ ತಟ್ಟಿ ಹೊರಡಿಸಿದವನು. ಒಂದು ಸಂಜೆ ಹಾಗೇ ತಟ್ಟಿದ. ಬಸ್ಸು ಹೊರಟಿತು. ಹತ್ತಲು ಓಡಿಬಂದ ಹೆಂಗಸೊಬ್ಬಳು ಚಕ್ರದ ಕೆಳಗೆ ಹೋದಳು. ಆತನ ತಪ್ಪಿಲ್ಲವೆಂದು ವಿಚಾರಣೆಯವರು ಬರೆದುಕೊಟ್ಟರು. ಆದರೆ ಅಂದಿನಿಂದ ಆತನಿಗೆ ಬಸ್ಸು ಹತ್ತಲು ಆಗಲಿಲ್ಲ. ದೂರದಲ್ಲಿ ಬಸ್ಸು ಕಂಡರೂ ಕೈ ಬೆವರಿ ಕಾಲು ನಡುಗುತ್ತಿತ್ತು. ಆಸ್ಪತ್ರೆಗೆ ಏಳು ಮೈಲಿ ನಡೆದೇ ಬರುತ್ತಿದ್ದ. ಮಂಗಳವಾರ ಹನ್ನೊಂದಕ್ಕೆ ಬಂದು, ರೂಢಿಯ ಬಲದಿಂದ, ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟುತ್ತಿದ್ದ. ತಟ್ಟಿದ ಮೇಲೆ ತನ್ನ ಕೈಯನ್ನು ತಾನೇ ಬೇರೆಯವರದ್ದೆಂಬಂತೆ ನೋಡುತ್ತಿದ್ದ.

ಹುಡುಗಿ ಆರು ತಿಂಗಳು ಆತನ ಜೊತೆ ಪಟ್ಟುಹಿಡಿದು ಕೂತಳು. ಮೊದಲು ಬಸ್ಸಿನ ಚಿತ್ರ, ಆಮೇಲೆ ನಿಲ್ದಾಣದವರೆಗೆ ನಡಿಗೆ, ಆಮೇಲೆ ನಿಂತ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು. ಆತ ಆಕೆಯನ್ನು ಮಗಳೇ ಎನ್ನುತ್ತಿದ್ದ. ಹೋಗುತ್ತೇನೆಂದು ಹೇಳಬೇಕಾದ ದಿನ ಬಂದಾಗ ಆತನಿಗೆ ಜ್ವರ. ಈಗ ಬೇಡ, ಮುಂದಿನ ವಾರ ಎಂದುಕೊಂಡಳು. ಮುಂದಿನ ವಾರ ಆತ ತೀರಿಹೋದ ಹೆಂಗಸಿನ ಬಗ್ಗೆ ಮೊದಲ ಸಲ ಅತ್ತ. ಅಳುವವನ ಮುಂದೆ ಹೇಗೆ ಹೇಳುವುದು ಎಂದುಕೊಂಡಳು. ಕೊನೆಯ ಮಂಗಳವಾರ ಆತ ಬಾಗಿಲಲ್ಲಿ ನಿಂತು ಮುಖವೆಲ್ಲ ಬಾಯಾಗಿ ನಗುತ್ತಿದ್ದ.

"ಮಗಳೇ, ಇವತ್ತು ಬಸ್ಸಲ್ಲೇ ಬಂದೆ! ಟಿಕೆಟ್ ನೋಡು. ದುಡ್ಡು ಕೊಟ್ಟು ತಗೊಂಡ ಟಿಕೆಟ್ಟು, ಜನ್ಮದಲ್ಲೇ ಮೊದಲು!"

ಆ ಮುಖಕ್ಕೆ ಹೇಳಲು ಆಕೆಯ ನಾಲಗೆ ಏಳಲಿಲ್ಲ. ಐವತ್ತು ನಿಮಿಷ ಬಸ್ಸಿನ ಕತೆ ಕೇಳಿ, ನಕ್ಕು, ಬಾಗಿಲವರೆಗೆ ಬಿಟ್ಟುಬಂದಳು. "ಮುಂದಿನ ಮಂಗಳವಾರ ವಾಪಸ್ ಹೋಗೋದೂ ಬಸ್ಸಲ್ಲೇ" ಎಂದು ಆತ ಹೇಳಿದ್ದಕ್ಕೆ ಹೂಂ ಅಂದಳು. ಆಮೇಲೆ ಟಿಪ್ಪಣಿಯಲ್ಲಿ ಬರೆದಳು: 'ಚಿಕಿತ್ಸೆ ಕೊನೆಗೊಳ್ಳುವ ವಿಷಯ ತಿಳಿಸಲಾಯಿತು. ರೋಗಿ ಒಪ್ಪಿಕೊಂಡರು. ಮುಂದಿನ ತಂಡಕ್ಕೆ ವರ್ಗಾಯಿಸಲಾಗಿದೆ.' ಆಕೆಯ ಮೇಲ್ವಿಚಾರಕಿ, ಎಲ್ಲರೂ ಹಿರಿಯ ಮೇಡಂ ಎನ್ನುತ್ತಿದ್ದವರು, ಸಹಿ ಹಾಕಿದರು. ಮರುದಿನ ಆಕೆ ಬೇರೆ ಊರಿನ ಮಕ್ಕಳ ಆಸ್ಪತ್ರೆಗೆ ಹೊರಟುಹೋದಳು.

ಒಂದೂವರೆ ವರ್ಷದ ಮೇಲೆ ಯಾವುದೋ ಸರ್ಟಿಫಿಕೇಟಿಗೆಂದು ಬಂದಾಗ ಚೀಟಿ ಬರೆಯುವ ಕಿಟಕಿಯಾಕೆ ಗುರುತು ಹಿಡಿದು ಕರೆದಳು. "ನೀನು ಹೋದ್ಮೇಲೆ ನಿನ್ನ ಕಂಡಕ್ಟರ್ ಬರ್ತಾನೇ ಇದ್ದ ಕಣಮ್ಮ. ಅವಳು ಹೋಗಿದ್ದಾಳೆ, ನಿಮಗೆ ಹೇಳಿದ್ದಾಳೆ ಅಂತ ಫೈಲಲ್ಲಿ ಬರ್ದಿದ್ಯಲ್ಲಪ್ಪಾ ಅಂದ್ರೆ, ಇಲ್ಲ, ಅವಳು ಹೂಂ ಅಂದಿದ್ದಾಳೆ, ಬರ್ತಾಳೆ ಅಂತಿದ್ದ. ಡಾಕ್ಟ್ರು, ಪಾಪ ಒಪ್ಕೊಳ್ಳಕ್ಕಾಗ್ತಿಲ್ಲ ಅಂದ್ರು. ಆಮೇಲೆ ಕೇಳೋದು ಬಿಟ್ಟ. ಸುಮ್ನೆ ಬಂದು ಆ ಬೆಂಚ್ ಮೇಲೆ ಹನ್ನೊಂದರಿಂದ ಹನ್ನೆರಡು ಕೂತು ಎದ್ದು ಹೋಗೋನು. ಹನ್ನೊಂದು ಮಂಗಳವಾರ. ನಾನು ಎಣಿಸ್ದೆ. ಆಮೇಲೆ ಬರಲಿಲ್ಲ."

ಆಕೆ ಡಿಪೋಗೆ ಓಡಿದಳು. ಕೆಲಸಕ್ಕೆ ಆತ ಮರಳಿರಲಿಲ್ಲ. ಫೈಲಿನಲ್ಲಿದ್ದ ವಿಳಾಸದ ಮನೆಯಲ್ಲಿ ಬೇರೆ ಸಂಸಾರ. ಬದುಕಿದ್ದಾನೋ ಇಲ್ಲವೋ ಹೇಳುವವರು ಸಿಗಲಿಲ್ಲ. ಸತ್ತ ಸುದ್ದಿಯಾದರೂ ಸಿಕ್ಕಿದ್ದರೆ ಅತ್ತು ಹಗುರಾಗಬಹುದಿತ್ತು ಎಂದು ಆಕೆ ಎಷ್ಟೋ ಸಲ ಅಂದುಕೊಂಡಿದ್ದಾಳೆ, ಅಂದುಕೊಂಡಿದ್ದಕ್ಕೆ ನಾಚಿದ್ದಾಳೆ. ಇಂದಿಗೂ ಬಸ್ಸು ಹತ್ತಿದರೆ ಮೊದಲು ಕಂಡಕ್ಟರನ ಮುಖ ನೋಡುತ್ತಾಳೆ. ಇದ್ದರೆ ಆತನಿಗೆ ಈಗ ಎಂಬತ್ತು ದಾಟಿರಬೇಕು. ಆದರೂ ನೋಡುತ್ತಾಳೆ.

ಹಿರಿಯ ಮೇಡಂ ನಿವೃತ್ತರಾದಾಗ ಅವರ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡಳು. ಅವರು ಬೈಯುತ್ತಾರೆಂದು ತಯಾರಾಗಿಯೇ ಹೋಗಿದ್ದಳು. ಅವರು ಆಕೆಯ ತಲೆ ಸವರಿದರು. "ನಂಗೆ ಗೊತ್ತಿತ್ತಮ್ಮ. ಅವತ್ತು ಗಾಜಿನ ಹಿಂದೆ ನಾನೇ ಕೂತಿದ್ದೆ. ಒಳ್ಳೆ ಹುಡುಗಿ, ಒಂದು ಮಾತಿಗೋಸ್ಕರ ಇವಳ ಆರು ತಿಂಗಳು ಯಾಕೆ ಹಾಳು ಮಾಡ್ಲಿ ಅನ್ನಿಸ್ತು. ಸಹಿ ಹಾಕ್ದೆ." ಅವರಿಗೆ ನಮಸ್ಕಾರ ಮಾಡಿ ಕೆಂಪುಪೆನ್ನಮ್ಮ ಹೊರಬಂದಳು. ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಅವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆ ಒಳ್ಳೆಯತನದ ಮೇಲೆ ಇವಳಿಗೆ ಇಂದಿಗೂ ಸಿಟ್ಟಿದೆ.

ಈ ವರ್ಷದ ತಂಡದಲ್ಲಿ ಇರುವೆ ಎಂಬ ಅಡ್ಡಹೆಸರಿನ ಹುಡುಗಿಯೊಬ್ಬಳಿದ್ದಳು. ಮೈಗಿಂತ ದೊಡ್ಡ ಚೀಲ ಹೊತ್ತು ಒಂದು ನಿಮಿಷ ನಿಲ್ಲದೆ ಓಡಾಡುತ್ತಿದ್ದುದರಿಂದ ಆ ಹೆಸರು. ಕೆಲಸದಲ್ಲಿ ಎಲ್ಲರಿಗಿಂತ ಮುಂದು. ಅವಳ ಮಂಗಳವಾರದ ರೋಗಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ಒಂದು ಮಧ್ಯಾಹ್ನ ಕೆಲಸದಿಂದ ಮನೆಗೆ ಬಂದಾಗ ಬಾಗಿಲು ಹಾರುಹೊಡೆದಿತ್ತು, ಗಂಡ ಬಟ್ಟೆಬರೆ ಸಮೇತ ಹೋಗಿದ್ದ. ಅಂದಿನಿಂದ ಆಕೆಗೆ ಬೀಗದ ಮೇಲೆ ನಂಬಿಕೆ ಹೋಯಿತು. ಹತ್ತು ಹೆಜ್ಜೆ ಹೋಗುವುದು, ತಿರುಗಿ ಬಂದು ಬೀಗ ಜಗ್ಗುವುದು. ಆಸ್ಪತ್ರೆಗೆ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವಳಲ್ಲ. ಇರುವೆ ಐದೂವರೆ ತಿಂಗಳು ಅವಳ ಜೊತೆ ಕೂತು, ಇಪ್ಪತ್ತು ಸಲ ಜಗ್ಗುತ್ತಿದ್ದುದನ್ನು ಒಂದು ಸಲಕ್ಕೆ ಇಳಿಸಿದ್ದಳು.

ಪೋಸ್ಟಿಂಗಿನ ಕೊನೆಯ ಗುರುವಾರ ಲಾಗ್ ಬುಕ್ ಸಹಿಗೆ ಬಂತು. 'ಮುಕ್ತಾಯದ ವಿಷಯ ಮೂರು ವಾರ ಮೊದಲೇ ತಿಳಿಸಲಾಯಿತು. ರೋಗಿ ಒಪ್ಪಿಕೊಂಡರು.' ಕೆಂಪುಪೆನ್ನಮ್ಮ ಆ ಸಾಲನ್ನು ನೋಡಿ ಪೆನ್ನು ಕೆಳಗಿಟ್ಟಳು. ಮಾತು ಬೇರೆ ಬೇರೆಯಿದ್ದರೂ ಆ ದನಿಯನ್ನು ಆಕೆ ಎಲ್ಲಿದ್ದರೂ ಗುರುತಿಸುತ್ತಿದ್ದಳು. ಆ ತಿಂಗಳು ಪರೀಕ್ಷೆಯ ಗಡಿಬಿಡಿಯಲ್ಲಿ ಆಕೆ ಗಾಜಿನ ಹಿಂದೆ ಕೂತಿರಲಿಲ್ಲ. ಮೂರು ವಾರದ ರೆಕಾರ್ಡಿಂಗ್ ಹಾಕಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಳು. ಎರಡೂವರೆ ಗಂಟೆ ಕೇಳಿದಳು. ಹೋಗುತ್ತೇನೆ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಕೊನೆಯ ರೆಕಾರ್ಡಿಂಗಿನ ಶುರುವಿನಲ್ಲಿ ಆ ಹೆಂಗಸಿನ ಏದುಸಿರಿನ ನಗು: "ಡಾಕ್ಟ್ರಮ್ಮ, ಗಡಿಯಾರ ನೋಡಿ! ಸರಿಯಾಗಿ ಹನ್ನೊಂದು! ಒಂದ್ಸಲಾನೂ ವಾಪಸ್ ಹೋಗ್ಲಿಲ್ಲ!" ಕೊನೆಯಲ್ಲಿ, "ಮುಂದಿನ ವಾರ ಬರ್ತೀನಿ." ಅದಕ್ಕೆ ಇರುವೆಯ ಸಣ್ಣ ದನಿ: "ಹೂಂ."

ಇಯರ್‌ಫೋನ್ ತೆಗೆದರೂ ಆ ಹೂಂ ಕಿವಿಯಲ್ಲೇ ಉಳಿಯಿತು. ಅದು ಇರುವೆಯದ್ದೋ ತನ್ನದೇ ಇಪ್ಪತ್ತಮೂರನೆಯ ವಯಸ್ಸಿನದ್ದೋ ಆಕೆಗೆ ತಿಳಿಯಲಿಲ್ಲ. ಗುರುವಾರವಾದರೂ ಬಾಗಿಲಾಚೆಯಿಂದ ಎರಡು ಸಲ ತಟ್ಟಿದ ಸದ್ದು ಕೇಳಿಸಿತು. ಮಂಗಳವಾರ ಬಿಟ್ಟು ಬೇರೆ ದಿನ ಅದು ಕೇಳಿಸಿದ್ದು ಅದೇ ಮೊದಲು. ಆಕೆಗೆ ನಿಜವಾಗಿ ಹೆದರಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ಇರುವೆಯನ್ನು ಕರೆಸಿದಳು. ಲಾಗ್ ಬುಕ್ಕಿನ ಆ ಸಾಲಿನ ಮೇಲೆ ಬೆರಳಿಟ್ಟಳು.

"ಇದು ನಿಜಾನಾ?"

ಹುಡುಗಿಯ ಮುಖ ಸುಣ್ಣವಾಯಿತು. "ಹೇಳಕ್ಕೇ ಆಗ್ಲಿಲ್ಲ ಮೇಡಂ. ಅವತ್ತು ಅವರು ಅಷ್ಟು ಖುಷಿಯಾಗಿದ್ರು... ಸೋಮವಾರದಿಂದ ನಂಗೆ ಬೇರೆ ಆಸ್ಪತ್ರೆ. ಹೊಸಬ್ರು ನೋಡ್ಕೋತಾರಲ್ಲ, ಅವರೇ ಹೇಳ್ತಾರೆ ಅಂದ್ಕೊಂಡೆ."

"ನಾನು ಇದಕ್ಕೆ ಸಹಿ ಹಾಕಲ್ಲ."

"ನಾಳೆ ಪರೀಕ್ಷೆಗೆ ಅರ್ಜಿ ಕೊಡೋಕೆ ಕೊನೇ ದಿನ ಮೇಡಂ! ಸಹಿ ಇಲ್ದಿದ್ರೆ ಆರು ತಿಂಗಳು ಹೋಗುತ್ತೆ!"

"ಗೊತ್ತು."

"ಒಂದು ಮಾತಿಗೆ ಆರು ತಿಂಗಳಾ?" ಇರುವೆ ಅಳುತ್ತಲೇ ಸಿಡಿದಳು. "ನಿಮಗೇನು ಗೊತ್ತಾಗುತ್ತೆ? ನೀವು ಜೀವಮಾನದಲ್ಲಿ ತಪ್ಪು ಮಾಡಿದೋರಲ್ಲ. ಬೇರೆಯೋರ ತಪ್ಪಿಗೆ ಕೆಂಪು ಗೀಟು ಹಾಕಿದೋರು."

ಕೆಂಪುಪೆನ್ನಮ್ಮನಿಗೆ ಆ ಕ್ಷಣ ಹಿರಿಯ ಮೇಡಂ ಅರ್ಥವಾದರು. ಎದುರಿಗೆ ಅಳುವ ಮಗು, ಕೈಯಲ್ಲಿ ಪೆನ್ನು, ಒಂದು ಸಲ ಗೀಚಿದರೆ ಎಲ್ಲ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಕೈ ಲಾಗ್ ಬುಕ್ಕಿನವರೆಗೆ ಹೋಯಿತು ಕೂಡ. ಆಮೇಲೆ ಆಕೆ ಪುಸ್ತಕ ಮುಚ್ಚಿ, ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು, ಹುಡುಗಿಯ ಪಕ್ಕ ಕೂತು ಕಂಡಕ್ಟರನ ಕತೆ ಹೇಳಿದಳು. ಜ್ವರ, ಅಳು, ಟಿಕೆಟ್ಟು, ಹೂಂ, ಬೆಂಚು, ಹಿರಿಯ ಮೇಡಂ, ಬಾಗಿಲು ತಟ್ಟುವ ಸದ್ದು, ಒಂದನ್ನೂ ಬಿಡಲಿಲ್ಲ. ತಂಗಿಯೊಬ್ಬಳನ್ನು ಬಿಟ್ಟರೆ ಇಷ್ಟನ್ನೂ ಬೇರೆ ಯಾರಿಗೂ ಹೇಳಿರಲಿಲ್ಲ.

ಇರುವೆ ಮೂಗೊರೆಸಿಕೊಂಡಳು. ಆಮೇಲೆ ಕೇಳಿದಳು: "ಈಗ್ಲೂ ಕೇಳ್ಸುತ್ತಾ ಮೇಡಂ?"

"ನಿನ್ನೆನೂ ಕೇಳಿಸ್ತು."

ಹುಡುಗಿ ಬಾಗಿಲಿನ ಕಡೆ ನೋಡಿದಳು. "ಮಂಗಳವಾರ ಬರ್ತೀನಿ" ಎಂದಳು. "ಹೊಸ ಆಸ್ಪತ್ರೆಗೆ ರಜ ಹಾಕ್ತೀನಿ. ನೀವು ಇರ್ತೀರಾ?"

"ಗಾಜಿನ ಹಿಂದೆ ಇರ್ತೀನಿ. ಅವರಿಗೂ ಮೊದಲೇ ಅದನ್ನ ಹೇಳು."

ಕಾಲೇಜಿಗೆ ಕೆಂಪುಪೆನ್ನಮ್ಮ ಅಂದೇ ಪತ್ರ ಬರೆದಳು. ಒಬ್ಬ ರೋಗಿಯ ಕೆಲಸ ಬಾಕಿಯಿದೆ, ಮೇಲ್ವಿಚಾರಣೆಯಲ್ಲಿ ನನ್ನದೂ ಲೋಪವಿದೆ, ಒಂದು ವಾರ ಅವಕಾಶ ಕೊಡಿ ಎಂದು. ಅವಕಾಶವಿಲ್ಲವೆಂದು ಸಂಜೆಯೊಳಗೆ ಉತ್ತರ ಬಂತು. ಇರುವೆಯ ಆರು ತಿಂಗಳು ಹೋಯಿತು. ಅವಳ ಅಪ್ಪ ಫೋನ್ ಮಾಡಿ ಕೆಂಪುಪೆನ್ನಮ್ಮನನ್ನು ಬಾಯಿಗೆ ಬಂದಂತೆ ಬೈದರು. ಆಕೆ ಪೂರ್ತಿ ಕೇಳಿಸಿಕೊಂಡಳು.

ಮಂಗಳವಾರ ಹನ್ನೊಂದಕ್ಕೆ ಇಸ್ತ್ರಿಯಾಕೆ ಬಂದಳು, ಹೊತ್ತಿಗೆ ಸರಿಯಾಗಿ. ಕತ್ತಲೆ ಕೋಣೆಯಲ್ಲಿ ಕೆಂಪುಪೆನ್ನಮ್ಮ ಅಂಗೈ ಒರೆಸಿಕೊಳ್ಳುತ್ತ ಕೂತಿದ್ದಳು. ಗಾಜಿನಾಚೆ ಇರುವೆ ಎರಡು ಸಲ ಗಂಟಲು ಸರಿಮಾಡಿಕೊಂಡು, ಗಾಜಿನ ಹಿಂದೆ ಮೇಡಂ ಇದ್ದಾರೆಂದು ಮೊದಲು ಹೇಳಿದಳು. ಆಮೇಲೆ ಒಂದೇ ಉಸಿರಿಗೆ ಉಳಿದದ್ದು.

"ಅಕ್ಕಾ, ಇವತ್ತು ನಂದು ಕೊನೇ ದಿನ. ಮುಂದಿನ ವಾರದಿಂದ ನಾನಿರಲ್ಲ. ಮೂರು ವಾರ ಮುಂಚೇನೇ ಹೇಳಬೇಕಿತ್ತು. ಧೈರ್ಯ ಆಗ್ಲಿಲ್ಲ. ಹೇಳ್ದೆ ಅಂತ ಪುಸ್ತಕದಲ್ಲಿ ಸುಳ್ಳು ಬರ್ದೆ. ತಪ್ಪಾಯ್ತು."

ಇಸ್ತ್ರಿಯಾಕೆಯ ನಗು ಹಾಗೇ ಮುಖದ ಮೇಲೆ ನಿಂತಿತ್ತು, ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಶುರುಮಾಡಿದಳು ನೋಡಿ! ಲಾಂಡ್ರಿಯ ಗದ್ದಲದಲ್ಲಿ ಪಳಗಿದ ಗಂಟಲು ಅದು. "ಆರು ತಿಂಗಳು ನನ್ನ ಕರುಳು ಬಗೆದು ಹೇಳಿಸ್ಕೊಂಡ್ಯಲ್ಲೇ! ನಿನ್ನ ಪರೀಕ್ಷೆಗೆ ನಾನೊಂದು ಪಾಠನಾ? ಹೋದ ವಾರ ಹೂಂ ಅಂದ್ಯಲ್ಲ, ಆ ಬಾಯಿಗೆ ಮಾತಾಡಕ್ಕೆ ಬರ್ತಿರ್ಲಿಲ್ವಾ? ನಾಳೆ ಬೀಗ ಜಗ್ಗಬೇಕು ಅನ್ನಿಸಿದ್ರೆ ನಾನು ಯಾರ ಮನೆಗೆ ಹೋಗ್ಲಿ?" ಏನೇನೋ ಅಂದಳು, ಬರೆಯಬಾರದ್ದೂ ಅಂದಳು. ಇರುವೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೆ ತಲೆ ತಗ್ಗಿಸಲಿಲ್ಲ, ಸಮಜಾಯಿಷಿ ಕೊಡಲಿಲ್ಲ, ಕೂತೇ ಇದ್ದಳು.

ಹೆಂಗಸು ದಣಿದು ನಿಲ್ಲಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವಳ ದನಿ ಬದಲಾಗಿತ್ತು.

"ತುಂಬಾ ಅಂದ್ಬಿಟ್ಟೆ. ಅಷ್ಟೂ ನಿಂಗೆ ಅಂದಿದ್ದಲ್ಲಮ್ಮ. ಆ ಮನುಷ್ಯ ಹೋದ ದಿನದಿಂದ ಬಾಯಲ್ಲೇ ಇಟ್ಕೊಂಡಿದ್ದೆ. ಬೈಯಕ್ಕೆ ಎದುರಿಗೆ ಒಬ್ರೂ ಸಿಕ್ಕಿರ್ಲಿಲ್ಲ. ಬಿಟ್ಟು ಹೋಗೋರಲ್ಲಿ ಕೂತು ಬೈಸ್ಕೊಂಡು ಹೋಗ್ತಿರೋಳು ನೀನೊಬ್ಳೇ."

ಅವರಿಬ್ಬರೂ ಇನ್ನೂ ಏನೋ ಮಾತಾಡಿದರು, ಮುಂದಿನ ವಾರ ಬರುವ ಹೊಸಬಳ ಬಗ್ಗೆ, ಬೀಗದ ಬಗ್ಗೆ. ಹನ್ನೆರಡಕ್ಕೆ ಎದ್ದು ಒಟ್ಟಿಗೆ ಹೊರಗೆ ಹೋದರು. ಕತ್ತಲೆ ಕೋಣೆಯಲ್ಲಿ, ಬೈಯಕ್ಕೆ ಒಬ್ರೂ ಸಿಕ್ಕಿರ್ಲಿಲ್ಲ ಎಂಬ ಮಾತಿನಲ್ಲೇ ನಿಂತುಬಿಟ್ಟಿದ್ದ ಕೆಂಪುಪೆನ್ನಮ್ಮನಿಗೆ ಅದಾವುದೂ ಕೇಳಿಸಿರಲಿಲ್ಲ. ಕಂಡಕ್ಟರ್ ತನ್ನನ್ನು ನೋಡಲು ಬಂದು ಕೂರುತ್ತಿದ್ದನೆಂದು ಆಕೆ ಇಷ್ಟು ವರ್ಷ ನಂಬಿದ್ದಳು. ಆತನಿಗೂ ಬಾಯ್ತುಂಬ ಮಾತಿತ್ತು. ಅದನ್ನು ಹಿಡಿದುಕೊಂಡು ಒಂದು ಬೆಂಚಿನ ಮೇಲೆ ಹನ್ನೊಂದು ಸಲ ಬಂದು ಕೂತ, ಕೇಳಿಸಿಕೊಳ್ಳಬೇಕಾದವಳು ಬರಲಿಲ್ಲ. ಸುಳ್ಳು ಬರೆದದ್ದಕ್ಕಿಂತ ಇದು ದೊಡ್ಡದು ಎಂದು ಆಕೆಗೆ ಮೊದಲ ಸಲ ಅನ್ನಿಸಿತು.

ಆಕೆ ಎದ್ದು ಮೂರನೆಯ ಕೋಣೆಗೆ ಹೋದಳು. ಇರುವೆ ಕೂತಿದ್ದ ಕುರ್ಚಿಯಲ್ಲಿ ಕೂತು ಎದುರಿನ ಕುರ್ಚಿ ನೋಡಿದಳು.

"ಅಪ್ಪಾ, ಇವತ್ತು ನಂದು ಕೊನೇ ದಿನ" ಎಂದಳು. "ಮುಂದಿನ ವಾರ ನಾನಿರಲ್ಲ."

ಹೇಳಿ, ಬೈಸಿಕೊಳ್ಳಲು ಕಾದಳು. ಊಟದ ಹೊತ್ತು ಮುಗಿದು ಜವಾನ ಗುಡಿಸಲು ಬರುವವರೆಗೂ ಕಾದಳು. ಎದುರಿನ ಕುರ್ಚಿ ಒಂದು ಮಾತೂ ಆಡಲಿಲ್ಲ.